ಗುಂಡಪ್ಪ ವಿಶ್ವನಾಥ್ ಮತ್ತು ನಮ್ಮ ಶಾಲೆಯ ಶೀಲ್ಡು

ನಮ್ಮ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ನಾನು ಈ ಶಾಲೆಯ 1981ರ ಎಸ್ಸೆಸ್ಸೆಲ್ಸಿ ತಂಡದ ವಿದ್ಯಾರ್ಥಿ. ಮುಂದೆ ಬೇರೆ ಬೇರೆ ಊರುಗಳಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ ಈಗ ನಿವೃತ್ತಿಯ ಅಂಚಿನಲ್ಲಿದ್ದೇನೆ. ಇತಿಹಾಸದ ಮಾಸ್ತರು ಎಂಬ ಕಾರಣಕ್ಕೆ ಶಾಲೆಯ ಇತಿಹಾಸವನ್ನೇ ಬರೆಯುತ್ತೇನೆಂದು ಸಮಿತಿಯವರು ಭಾವಿಸಿರಬಹುದು. ಜಾಗ ಕೊಟ್ಟ ದಾನಿಗಳು, ತಗಡಿನ ಶೆಡ್ಡಿನಲ್ಲಿ ನಡೆದ ಮೊದಲ ತರಗತಿಗಳು, ಕಟ್ಟಡಕ್ಕೆ ಊರವರು ಹೊತ್ತ ಕಲ್ಲು, ಇವೆಲ್ಲವನ್ನೂ ನನಗಿಂತ ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಇನ್ನೊಂದು ಸುವರ್ಣ ಮಹೋತ್ಸವದ ಕಥೆ ಹೇಳಬೇಕೆಂದಿದ್ದೇನೆ. ಅದು 1980ರಲ್ಲಿ ಮುಂಬಯಿಯಲ್ಲಿ ನಡೆದದ್ದು. ಅದರ ನಾಯಕ ಕನ್ನಡಿಗರಾದ ಜಿ. ಆರ್. ವಿಶ್ವನಾಥ್.

ಮುಂಬಯಿಯ ಕ್ರಿಕೆಟ್ಟಿಗೂ ನಮ್ಮ ಶಾಲೆಗೂ ಏನು ಸಂಬಂಧ ಎಂದು ಕೇಳಬಹುದು. ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನ ಮೇಲೆ ಒಂದು ಶೀಲ್ಡು ಇದೆ. ಹಿತ್ತಾಳೆಯ ತಗಡಿನ ಮೇಲೆ 1981 ಎಂದು ಕೊರೆದಿದೆ. ನಿಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿದ್ದೀರಿ. ಆ ಶೀಲ್ಡಿಗೂ ಈ ಕಥೆಗೂ ಇರುವ ಸಂಬಂಧವನ್ನು ಲೇಖನದ ಕೊನೆಯ ಭಾಗದಲ್ಲಿ ಹೇಳುತ್ತೇನೆ.

ಭದ್ರಾವತಿಯ ಹುಡುಗ

ಗುಂಡಪ್ಪ ರಂಗನಾಥ ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರವರಿ 12ರಂದು, ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ. ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ಆಳು ಬಹಳ ಗಿಡ್ಡ. ಆಟ ನೋಡುವ ಮೊದಲೇ ಎತ್ತರ ನೋಡಿ ಬೇಡವೆನ್ನುವವರು ಆಗಲೂ ಇದ್ದರು. ಆದರೆ ಗಿಡ್ಡತನವೇ ಅವರಿಗೆ ಒಂದು ವಿದ್ಯೆ ಕಲಿಸಿತು. ವೇಗದ ಬೌಲರ್ ಎಸೆದ ಚೆಂಡು ಪುಟಿದು ಎದೆಯ ಮಟ್ಟಕ್ಕೆ ಬಂದಾಗ ಎತ್ತರದ ಆಟಗಾರರು ಅದನ್ನು ತಡೆಯಲು ನೋಡುತ್ತಿದ್ದರು. ವಿಶ್ವನಾಥ್ ಹಿಂದಕ್ಕೆ ಸರಿದು, ಮಣಿಕಟ್ಟನ್ನು ತಿರುಗಿಸಿ, ಅದೇ ಚೆಂಡನ್ನು ಪಾಯಿಂಟಿನ ಕಡೆಗೆ ಕಟ್ ಮಾಡುತ್ತಿದ್ದರು. ಈ ಸ್ಕ್ವೇರ್ ಕಟ್ ಅವರ ಗುರುತಾಯಿತು. ಬಲದಿಂದ ಹೊಡೆದದ್ದಲ್ಲ, ಸರಿಯಾದ ಹೊತ್ತಿಗೆ ಬ್ಯಾಟು ತಾಗಿಸಿದ್ದು.

1967ರ ನವೆಂಬರಿನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಅವರು ಮೈಸೂರು ರಾಜ್ಯದ ಪರ ಮೊದಲ ರಣಜಿ ಪಂದ್ಯ ಆಡಿದರು. ವಿಜಯವಾಡದಲ್ಲಿ ಆಂಧ್ರದ ವಿರುದ್ಧ ನಡೆದ ಆ ಪಂದ್ಯದಲ್ಲಿ 230 ರನ್ ಹೊಡೆದರು. ಮೊದಲ ಪಂದ್ಯದಲ್ಲೇ ದ್ವಿಶತಕ! ಎರಡು ವರ್ಷಗಳ ಬಳಿಕ, 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡುವ ಅವಕಾಶ ಬಂತು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ನಾಯಕರಾಗಿದ್ದ ಪಟೌಡಿಯವರು ಆ ಸಂಜೆ ಹುಡುಗನಿಗೆ ಧೈರ್ಯ ಹೇಳಿ, ಚಿಂತೆ ಮಾಡಬೇಡ, ನೀನು ನೂರು ಹೊಡೆಯುತ್ತೀ ಎಂದರಂತೆ. ಈ ಮಾತನ್ನು ವಿಶ್ವನಾಥ್ ಮುಂದೆ ಎಷ್ಟೋ ಸಲ ನೆನೆದಿದ್ದಾರೆ. ಎರಡನೆಯ ಇನಿಂಗ್ಸಿನಲ್ಲಿ ಅವರು ಹೊಡೆದದ್ದು 137.

ಆಗ ಭಾರತದ ಕ್ರಿಕೆಟ್ಟಿನಲ್ಲಿ ಒಂದು ಅಪಶಕುನದ ಮಾತಿತ್ತು. ಲಾಲಾ ಅಮರನಾಥರಿಂದ ಹಿಡಿದು ಹನುಮಂತ ಸಿಂಗರವರೆಗೆ, ಮೊದಲ ಟೆಸ್ಟಿನಲ್ಲೇ ನೂರು ಹೊಡೆದ ಭಾರತೀಯರಾರೂ ಆಮೇಲೆ ಮತ್ತೊಂದು ಟೆಸ್ಟ್ ಶತಕ ಹೊಡೆದಿರಲಿಲ್ಲ. ವಿಶ್ವನಾಥರೂ ಮೂರು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. 1973ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ 113 ಹೊಡೆದಾಗ ಆ ಅಪಶಕುನ ಮುರಿಯಿತು. ಇಂಗ್ಲೆಂಡಿನ ಆರೂವರೆ ಅಡಿ ಎತ್ತರದ ಟೋನಿ ಗ್ರೇಗ್ ಓಡಿಬಂದು ನಮ್ಮ ಗಿಡ್ಡ ವಿಶ್ವನಾಥರನ್ನು ಕೂಸಿನಂತೆ ತೋಳಿನಲ್ಲೆತ್ತಿ ತೂಗಿದರು. ಎದುರಾಳಿಗೂ ಪ್ರೀತಿ ಹುಟ್ಟಿಸುವ ಆಟಗಾರ ಅವರಾಗಿದ್ದರು.

ಶಾಲೆ ಹುಟ್ಟಿದ ವರ್ಷ

ನಮ್ಮ ಶಾಲೆ ಆರಂಭವಾದದ್ದು 1974ರಲ್ಲಿ. ಕರ್ನಾಟಕದ ಕ್ರಿಕೆಟ್ಟಿಗೂ ಅದು ದೊಡ್ಡ ವರ್ಷ. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಹೊಸ ಹೆಸರಿನಲ್ಲಿ ಆಡಿದ ಮೊದಲ ಸಾಲಿನಲ್ಲೇ ನಮ್ಮ ತಂಡ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. ಅದಕ್ಕೂ ಮುನ್ನ ಸತತ ಹದಿನೈದು ವರ್ಷ ಆ ಟ್ರೋಫಿ ಮುಂಬಯಿ ಬಿಟ್ಟು ಕದಲಿರಲಿಲ್ಲ. ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕ ಮುಂಬಯಿಯನ್ನು ತಡೆಯಿತು. ಆ ಪಂದ್ಯದಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ತಂದರು. ಅದೇ 1974ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. ಅದರಲ್ಲಿ ವೆಸ್ಟ್ ಇಂಡೀಸ್ ನಮ್ಮನ್ನು ಸೋಲಿಸಿತೆಂಬುದು ಬೇರೆ ಮಾತು.

ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಪ್ರೌಢಶಾಲೆಯ ಮೊದಲ ಬ್ಯಾಚಿನ ಅಣ್ಣಂದಿರು ಪಂಚಾಯಿತಿ ಕಟ್ಟೆಯ ರೇಡಿಯೋ ಕೆಳಗೆ ಕುಳಿತು ಕಾಮೆಂಟರಿ ಕೇಳುತ್ತಿದ್ದರು. ಇಂಗ್ಲಿಷು, ಹಿಂದಿ ಎರಡೂ ಅರೆಬರೆ. ಸ್ಕೋರು ಮಾತ್ರ ಸರಿಯಾಗಿ ತಿಳಿಯುತ್ತಿತ್ತು. ನಮ್ಮ ಭಾಗದ ಎರಿ ಭೂಮಿಯಲ್ಲಿ ಕ್ರಿಕೆಟ್ ಅಷ್ಟಾಗಿ ಬೇರೂರಿದ್ದ ಆಟವಲ್ಲ. ಕುಸ್ತಿ, ಕಬಡ್ಡಿ, ಖೋಖೋ ನಮ್ಮ ಆಟಗಳು. ಕ್ರಿಕೆಟ್ ಬಂದದ್ದು ರೇಡಿಯೋದ ಮೂಲಕ. ಜಾಲಿ ಕೋಲಿನ ಸ್ಟಂಪು, ಬಡಿಗೇರರು ಕೆತ್ತಿಕೊಟ್ಟ ಬ್ಯಾಟು, ಕಾರ್ಕ್ ಬಾಲು ಹಿಡಿದು ಶಾಲೆಯ ಹಿಂದಿನ ಬಯಲಿನಲ್ಲಿ ಆಡಿದ ಪ್ರತಿ ಹುಡುಗನೂ ತಾನೇ ವಿಶ್ವನಾಥ್ ಎನ್ನುತ್ತಿದ್ದ. ಗಿಡ್ಡ ಹುಡುಗರಿಗಂತೂ ಆ ಹೆಸರು ದೊಡ್ಡ ಆಸರೆ. ನಾನೂ ಗಿಡ್ಡನೇ.

1975ರ ಜನವರಿಯಲ್ಲಿ ಮದ್ರಾಸಿನಲ್ಲಿ ನಡೆದ ಟೆಸ್ಟನ್ನು ಆ ಅಣ್ಣಂದಿರು ನಮಗೆ ಹೇಳಿದ್ದು ಕಥೆಯ ಹಾಗೆ. ಐದು ಟೆಸ್ಟುಗಳ ಸರಣಿಯಲ್ಲಿ ಮೊದಲ ಎರಡನ್ನು ಭಾರತ ಸೋತಿತ್ತು. ಕಲ್ಕತ್ತೆಯ ಮೂರನೆಯ ಟೆಸ್ಟಿನಲ್ಲಿ ವಿಶ್ವನಾಥ್ 139 ಹೊಡೆದು, ಚಂದ್ರಶೇಖರ್ ಕೊನೆಯ ದಿನ ಲಾಯ್ಡರನ್ನು ಬೌಲ್ಡ್ ಮಾಡಿ, ಗೆಲುವು ತಂದಿದ್ದರು. ನಾಲ್ಕನೆಯದು ಮದ್ರಾಸಿನಲ್ಲಿ. ಆಂಡಿ ರಾಬರ್ಟ್ಸ್ ಎಂಬ ವೇಗದ ಬೌಲರ್ 64 ರನ್ನಿಗೆ ಏಳು ವಿಕೆಟ್ ತೆಗೆದರು. ಇಡೀ ತಂಡ 190ಕ್ಕೆ ಔಟ್. ಅದರಲ್ಲಿ ವಿಶ್ವನಾಥರದ್ದೇ 97, ಅದೂ ಔಟಾಗದೆ. ಕೊನೆಗೆ ಜೊತೆಗಿದ್ದವರು ಬ್ಯಾಟಿಂಗ್ ಬಾರದ ಚಂದ್ರಶೇಖರ್. ಅವರು ಔಟಾದಾಗ ನೂರಕ್ಕೆ ಮೂರೇ ರನ್ ಬೇಕಾಗಿತ್ತು. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದು ಸರಣಿಯನ್ನು ಸಮ ಮಾಡಿತು. ಐದನೆಯ ಟೆಸ್ಟ್ ಸೋತು ಸರಣಿ ಕೈತಪ್ಪಿದರೂ ಆ 97 ಉಳಿಯಿತು. ಕ್ರಿಕೆಟ್ ಬಲ್ಲವರು ಅವರ ಹದಿನಾಲ್ಕು ಶತಕಗಳಿಗಿಂತ ಅದನ್ನೇ ಮೇಲಿಡುತ್ತಾರೆ.

1976ರ ಏಪ್ರಿಲಿನಲ್ಲಿ ವೆಸ್ಟ್ ಇಂಡೀಸಿನ ಪೋರ್ಟ್ ಆಫ್ ಸ್ಪೇನಿನಲ್ಲಿ ಗೆಲ್ಲಲು 403 ರನ್ ಬೇಕಾಗಿತ್ತು. ಕೊನೆಯ ಇನಿಂಗ್ಸಿನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಆಗಿನವರೆಗೆ ಒಂದೇ ಒಂದು ಸಲ ಬೆನ್ನಟ್ಟಿ ಗೆಲ್ಲಲಾಗಿತ್ತು. ಗವಾಸ್ಕರ್ 102, ಮೊಹಿಂದರ್ 85, ವಿಶ್ವನಾಥ್ 112. ನಾಲ್ಕೇ ವಿಕೆಟ್ ಕಳೆದುಕೊಂಡು ಭಾರತ 406 ಹೊಡೆಯಿತು.

ವಿಶ್ವನಾಥ್ ಶತಕ ಹೊಡೆದ ಹದಿನಾಲ್ಕು ಟೆಸ್ಟುಗಳಲ್ಲಿ ಒಂದರಲ್ಲೂ ಭಾರತ ಸೋತಿಲ್ಲ. ನಾಲ್ಕು ಗೆಲುವು, ಹತ್ತು ಡ್ರಾ. ಕಷ್ಟದ ಹೊತ್ತಿನಲ್ಲಿ ರನ್ ಹೊಡೆಯುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಂದಿನ ವಿದ್ಯಾರ್ಥಿಗಳು ಒಂದು ಮಾತು ತಿಳಿಯಬೇಕು. ಆಗ ಕ್ರಿಕೆಟ್ಟಿನಿಂದ ಕೋಟಿ ಬರುತ್ತಿರಲಿಲ್ಲ. ಟೆಸ್ಟ್ ಆಡುವವರೂ ಸಂಸಾರ ನಡೆಸಲು ನೌಕರಿ ಹಿಡಿಯಬೇಕಿತ್ತು. ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರು. ಗವಾಸ್ಕರರ ತಂಗಿ ಕವಿತಾ ಅವರನ್ನು ಮದುವೆಯಾದರು. ಗವಾಸ್ಕರ್ ತಮ್ಮ ಮಗನಿಗೆ ಇಟ್ಟ ಹೆಸರಿನಲ್ಲಿ ವೆಸ್ಟ್ ಇಂಡೀಸಿನ ರೋಹನ್ ಕನ್ಹಾಯ್, ಹೈದರಾಬಾದಿನ ಜಯಸಿಂಹ ಇವರ ಜೊತೆಗೆ ವಿಶ್ವನಾಥರ ಹೆಸರೂ ಸೇರಿದೆ: ರೋಹನ್ ಜಯವಿಶ್ವ.

ಗ್ರಹಣದ ಮರುದಿನ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಭಾರತದ ಕ್ರಿಕೆಟ್ ಮಂಡಳಿ ಸ್ಥಾಪನೆಯಾದದ್ದು 1928ರಲ್ಲಿ. ಅದರ ಸುವರ್ಣ ಮಹೋತ್ಸವಕ್ಕಾಗಿ 1980ರ ಫೆಬ್ರವರಿ 15ರಿಂದ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಒಂದು ಟೆಸ್ಟ್ ಏರ್ಪಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ ಗವಾಸ್ಕರ್ ನಾಯಕತ್ವ ಬಿಟ್ಟಿದ್ದರಿಂದ ವಿಶ್ವನಾಥ್ ನಾಯಕರಾಗಿದ್ದರು. ಪಾಕಿಸ್ತಾನದ ವಿರುದ್ಧ ಕಲ್ಕತ್ತೆಯಲ್ಲಿ ನಡೆದ ಅವರ ಮೊದಲ ಪಂದ್ಯ ಡ್ರಾ ಆಗಿತ್ತು. ಇದು ಎರಡನೆಯದು.

ಮೊದಲ ದಿನ ಭಾರತ 242ಕ್ಕೆ ಔಟಾಯಿತು. ಎರಡನೆಯ ದಿನ, ಫೆಬ್ರವರಿ 16, ಶನಿವಾರ, ಆಟವೇ ಇಲ್ಲ. ಅಂದು ಸೂರ್ಯಗ್ರಹಣ. ಅದಕ್ಕಾಗಿ ವಿಶ್ರಾಂತಿ ದಿನವನ್ನು ಅಂದಿಗೇ ಇಟ್ಟಿದ್ದರು. ಮುಂಬಯಿಯಲ್ಲಿ ಗ್ರಹಣ ಪೂರ್ತಿ ಇರಲಿಲ್ಲ, ನಮ್ಮ ಭಾಗದಲ್ಲಿ ಮಾತ್ರ ಖಗ್ರಾಸ. ಆ ಮಧ್ಯಾಹ್ನವನ್ನು ನನ್ನ ವಾರಿಗೆಯವರಾರೂ ಮರೆತಿರಲಾರರು. ಬಾಗಿಲು ಕಿಟಕಿ ಮುಚ್ಚಿದ ಊರು, ಓಣಿಯಲ್ಲಿ ನರಪಿಳ್ಳೆ ಇಲ್ಲ. ವಿಜ್ಞಾನದ ಗುರುಗಳು ನಾಲ್ಕಾರು ಹುಡುಗರನ್ನು ಶಾಲೆಯ ಅಂಗಳದಲ್ಲಿ ಸೇರಿಸಿ, ರಟ್ಟಿಗೆ ತೂತು ಮಾಡಿ, ನೆಲದ ಮೇಲೆ ಬಿದ್ದ ಸೂರ್ಯನ ಬಿಂಬ ತೋರಿಸಿದರು. ನಾಲ್ಕು ಗಂಟೆಯೊಳಗೆ ಎರಡು ಮೂರು ನಿಮಿಷ ಹಗಲೇ ಕತ್ತಲಾಯಿತು. ಜೋಳದ ಹೊಲದ ಹಕ್ಕಿಗಳು ಗೂಡಿಗೆ ಮರಳಿದವು. ನಾನು ಹೆದರಿ ಗುರುಗಳ ಧೋತರದ ಚುಂಗು ಹಿಡಿದುಕೊಂಡಿದ್ದೆ.

ಮರುದಿನ ಭಾನುವಾರ. ನಾವು ಏಳೆಂಟು ಹುಡುಗರು ನಮ್ಮ ದೈಹಿಕ ಶಿಕ್ಷಕರ ಬಾಡಿಗೆ ಮನೆಯ ಪಡಸಾಲೆಯಲ್ಲಿ ಅವರ ರೇಡಿಯೋ ಮುಂದೆ ಕುಳಿತಿದ್ದೆವು. ಊರೆಲ್ಲ ಅವರನ್ನು ಡ್ರಿಲ್ ಮಾಸ್ತರು ಎಂದೇ ಕರೆಯುತ್ತಿತ್ತು. ಕಾಮೆಂಟರಿಯನ್ನು ಅವರು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡಿತು. ನಮಗೆ ಹಬ್ಬ. ಆಗ ಇಯಾನ್ ಬೋಥಮ್ ಜೊತೆಗೆ ವಿಕೆಟ್ ಕೀಪರ್ ಬಾಬ್ ಟೇಲರ್ ಸೇರಿಕೊಂಡರು.

ಈ ಜೊತೆಯಾಟದ ನಡುವೆ ಕಪಿಲ್ ದೇವ್ ಎಸೆದ ಚೆಂಡೊಂದು ಟೇಲರರನ್ನು ದಾಟಿ ಕೀಪರ್ ಕಿರ್ಮಾನಿಯವರ ಕೈಸೇರಿತು. ಮನವಿ ಮಾಡಿದರು. ಅಂಪೈರ್ ಹನುಮಂತರಾವ್ ಕೈ ಎತ್ತಿ ಔಟ್ ಎಂದರು. ಅವರೂ ಕರ್ನಾಟಕದವರೇ. ಟೇಲರ್ ನಿಂತಲ್ಲೇ ತಬ್ಬಿಬ್ಬಾದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂಬುದು ಖಚಿತವಾಗಿತ್ತು. ಅವರು ಅಂಪೈರರ ಬಳಿಗೆ ಹೋಗಿ, ಮನವಿ ಹಿಂತೆಗೆದುಕೊಳ್ಳುತ್ತೇವೆ, ಬ್ಯಾಟ್ಸ್‌ಮನ್ನನನ್ನು ಮರಳಿ ಕರೆಯಿರಿ ಎಂದು ಕೇಳಿಕೊಂಡರು. ಅಂಪೈರರ ಒಪ್ಪಿಗೆ ಪಡೆದು ನಾಯಕ ಹೀಗೆ ಮಾಡಲು ನಿಯಮದಲ್ಲಿ ಅವಕಾಶವಿದೆ. ಮಾಡುವವರು ಅಪರೂಪ. ಟೇಲರ್ ಮತ್ತೆ ಬ್ಯಾಟ್ ಹಿಡಿದರು.

ಮುಂದೆ ಆದದ್ದು ದಾಖಲೆಯಲ್ಲಿದೆ. ಟೇಲರ್ 43, ಬೋಥಮ್ 114. ಇಬ್ಬರೂ ಸೇರಿ ಆರನೆಯ ವಿಕೆಟ್ಟಿಗೆ 171 ರನ್. ಇಂಗ್ಲೆಂಡ್ 296 ಹೊಡೆಯಿತು. ಎರಡನೆಯ ಇನಿಂಗ್ಸಿನಲ್ಲಿ ಭಾರತ 149ಕ್ಕೆ ಕುಸಿಯಿತು. ಬೋಥಮ್ ಎರಡೂ ಇನಿಂಗ್ಸಿನಲ್ಲಿ ಸೇರಿ 13 ವಿಕೆಟ್ ಪಡೆದರು. ಟೇಲರ್ ಕೀಪಿಂಗಿನಲ್ಲಿ 10 ಕ್ಯಾಚ್ ಹಿಡಿದರು. ಒಂದು ದಿನ ಬಾಕಿ ಇರುವಂತೆಯೇ ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು. ನಮ್ಮ ಸುವರ್ಣ ಮಹೋತ್ಸವದ ಪಂದ್ಯವನ್ನು ನಾವೇ ಸೋತೆವು. ವಿಶ್ವನಾಥರಿಗೆ ಮತ್ತೆ ಟೆಸ್ಟ್ ನಾಯಕತ್ವ ಸಿಗಲಿಲ್ಲ.

ಇತಿಹಾಸದ ಮಾಸ್ತರನಾಗಿ ಒಂದು ಮಾತು ಸೇರಿಸಬೇಕು. ಟೇಲರರನ್ನು ಕರೆದದ್ದರಿಂದಲೇ ಭಾರತ ಸೋತಿತು ಎಂದು ಹೇಳುವುದು ಸರಿಯಲ್ಲ. 149ಕ್ಕೆ ಔಟಾದ ತಂಡ ಬೇರೆ ದಾರಿಯಿಂದಲೂ ಸೋಲುತ್ತಿತ್ತೇನೋ. ಆದರೆ ಕರೆಯುವ ಹೊತ್ತಿಗೆ ವಿಶ್ವನಾಥರಿಗೆ ಇದರಿಂದ ನಷ್ಟವಾಗಬಹುದೆಂದು ಗೊತ್ತಿತ್ತು. ಗೊತ್ತಿದ್ದೂ ಕರೆದರು. ತಾವು ಬ್ಯಾಟ್ ಮಾಡುವಾಗಲೂ ಅಷ್ಟೇ, ಚೆಂಡು ಬ್ಯಾಟಿಗೆ ತಾಗಿ ಕ್ಯಾಚಾದರೆ ಅಂಪೈರರ ಕೈ ಏಳುವ ಮೊದಲೇ ಹೊರಟುಬಿಡುತ್ತಿದ್ದರು. ಮುಂಬಯಿಯಲ್ಲಿ ಮಾಡಿದ್ದು ಅಂದಿನ ಹುಮ್ಮಸ್ಸಿನ ಕೆಲಸವಲ್ಲ, ಮೊದಲಿನಿಂದ ಬಂದ ರೂಢಿ.

ಪಂದ್ಯ ಸೋತ ಸಂಜೆ ಪಡಸಾಲೆಯಲ್ಲಿ ದೊಡ್ಡ ವಾದ ನಡೆಯಿತು. ನಮ್ಮಲ್ಲೊಬ್ಬ ಸಿಟ್ಟಿನಿಂದ, "ಇಂವಗ ಯಾಕ ಬೇಕಿತ್ತರೀ ಸರ್ ದೊಡ್ಡಸ್ತಿಕೆ? ಅಂಪೈರೇ ಔಟ್ ಅಂದ ಮ್ಯಾಲೆ ಮುಗೀತಲ್ಲ" ಎಂದ. ಹೌದು ಹೌದು ಎಂದು ನಾನೂ ದನಿಗೂಡಿಸಿದೆ. ಡ್ರಿಲ್ ಮಾಸ್ತರು ರೇಡಿಯೋ ಆರಿಸಿ, "ಔಟ್ ಇಲ್ಲದಂವನ್ನ ಹೊರಗ ಹಾಕಿ ಗೆದ್ದಿದ್ರ, ಗೆದ್ದವರು ಯಾರು ಅಂತ ಬರೀಬೇಕಪಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. "ವಿಚಾರ ಮಾಡ್ರಿ" ಎಂದಷ್ಟೇ ಹೇಳಿ ಮನೆಗೆ ಕಳಿಸಿದರು.

ಆ ಶೀಲ್ಡಿನ ವಿಷಯ

ಮುಂದಿನ ವರ್ಷ ನಾನು ಹತ್ತನೆಯ ತರಗತಿ. 1981ರ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ, ಯುವಕ ಮಂಡಳದವರು ಸುತ್ತಲಿನ ಪ್ರೌಢಶಾಲೆಗಳ ಹುಡುಗರಿಗಾಗಿ ಕ್ರಿಕೆಟ್ ಪಂದ್ಯಾವಳಿ ಇಟ್ಟರು. ನಾನು ನಮ್ಮ ತಂಡದ ನಾಯಕ ಮತ್ತು ಕೀಪರ್. ಫೈನಲ್ಲಿನಲ್ಲಿ ನಮ್ಮ ಎದುರು ನೆರೆಯೂರಿನ ಶಾಲೆ. ಅವರಿಗೆ ಗೆಲ್ಲಲು 11 ರನ್ ಬೇಕು, ಕೈಯಲ್ಲಿ ಮೂರು ವಿಕೆಟ್. ಆಡುತ್ತಿದ್ದವನು ಅವರ ಒಬ್ಬನೇ ಒಬ್ಬ ಒಳ್ಳೆಯ ಬ್ಯಾಟ್ಸ್‌ಮನ್. ತೆಳ್ಳಗಿನ, ಮಾತು ಕಡಿಮೆಯ ಹುಡುಗ. ನಮ್ಮ ಬೌಲಿಂಗನ್ನೆಲ್ಲ ಅವನೊಬ್ಬನೇ ಹೊಡೆದಿದ್ದ.

ಚೆಂಡು ಲೆಗ್ಗಿನ ಕಡೆ ಹೋಯಿತು. ಟಕ್ ಎಂದು ಸದ್ದಾಗಿ ನನ್ನ ಕೈಗೆ ಬಂತು. ನಮ್ಮವರೆಲ್ಲ ಕೂಗಿದರು, ನಾನೂ ಕೂಗಿದೆ. ಅಂಪೈರ್ ಆಗಿ ನಿಂತಿದ್ದ ಹಿರಿಯರು ಕೈ ಎತ್ತಿದರು. ಆದರೆ ಚೆಂಡು ಬಡಿದದ್ದು ಅವನ ಪ್ಯಾಡಿನ ಬಕಲ್ಲಿಗೆ. ಅದನ್ನು ನಾನು ಸ್ಪಷ್ಟವಾಗಿ ನೋಡಿದ್ದೆ. ಅಂಪೈರರಿಗೆ ಕಾಣುವಂತಿರಲಿಲ್ಲ. ಕಂಡದ್ದು ನಮ್ಮಿಬ್ಬರಿಗೇ. ಅವನು ಎರಡು ಹೆಜ್ಜೆ ನಡೆದು ತಿರುಗಿ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ನಾನು ಗ್ಲೌಸಿನ ದಾರ ಬಿಗಿಮಾಡುವವನಂತೆ ತಲೆ ತಗ್ಗಿಸಿದೆ. ಅವನು ಹೊರಟು ಹೋದ. ನಾವು ಆರು ರನ್ನಿನಿಂದ ಗೆದ್ದೆವು.

ಶೀಲ್ಡನ್ನು ಹೊತ್ತು ಊರೊಳಗೆ ಮೆರವಣಿಗೆಯಾಯಿತು. ಅವ್ವ ಆರತಿ ಎತ್ತಿದಳು. ರಾತ್ರಿ ಡ್ರಿಲ್ ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು, "ಆ ಕ್ಯಾಚು ಬ್ಯಾಟಿಗೆ ಬಡಿದಿತ್ತೇನು?" ಎಂದು ಕೇಳಿದರು. ನಾನು, "ಹೌದ್ರಿ ಸರ್" ಎಂದೆ. ಅವರು ನನ್ನ ಬೆನ್ನು ತಟ್ಟಿದರು. ಒಂದೇ ವರ್ಷದ ಹಿಂದೆ ಅದೇ ಗುರುಗಳ ಪಡಸಾಲೆಯಲ್ಲಿ ಕುಳಿತು ಟೇಲರರ ಕಥೆ ಕೇಳಿದ್ದವನು ನಾನು. ಅಂದು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಅವಕಾಶ ನನಗೇ ಬಂದಿತ್ತು. ಪಂದ್ಯದ ಹೊತ್ತಿನಲ್ಲಿ ಸುಮ್ಮನಿದ್ದದ್ದು ಒಂದು ತಪ್ಪು. ಗುರುಗಳ ಮುಂದೆ ಸುಳ್ಳು ಹೇಳಿದ್ದು ಅದಕ್ಕಿಂತ ದೊಡ್ಡದು.

ಮುಂದಿನ ತಿಂಗಳು, 1981ರ ಫೆಬ್ರವರಿಯಲ್ಲಿ, ಭಾರತ ಮೆಲ್ಬರ್ನಿನಲ್ಲಿ ಆಡಿತು. ಮೊದಲ ಇನಿಂಗ್ಸಿನ 237ರಲ್ಲಿ ವಿಶ್ವನಾಥರದ್ದು 114. ಎರಡನೆಯ ಇನಿಂಗ್ಸಿನಲ್ಲಿ ಎಲ್‌ಬಿಡಬ್ಲ್ಯು ತೀರ್ಪಿಗೆ ಸಿಟ್ಟಾದ ನಾಯಕ ಗವಾಸ್ಕರ್ ಜೊತೆಗಾರ ಚೌಹಾಣರನ್ನೂ ಕರೆದುಕೊಂಡು ಹೊರಟಿದ್ದು, ಮ್ಯಾನೇಜರು ಗಡಿಯ ಬಳಿ ತಡೆದದ್ದು ದೊಡ್ಡ ಸುದ್ದಿಯಾಯಿತು. ಕೊನೆಗೆ ಆಸ್ಟ್ರೇಲಿಯಾವನ್ನು 83ಕ್ಕೆ ಉರುಳಿಸಿ ಭಾರತ 59 ರನ್ನಿನಿಂದ ಗೆದ್ದಿತು. ಎಲ್ಲರೂ ಕುಣಿದರು. ನನಗೆ ಮಾತ್ರ ಆ ರೇಡಿಯೋ ಮುಂದೆ ಮೊದಲಿನಂತೆ ಕೂರಲಾಗಲಿಲ್ಲ. ಅಂಪೈರರ ತಪ್ಪು ಎಂಬ ಮಾತು ಬಂದಾಗಲೆಲ್ಲ ನೆರೆಯೂರಿನ ಹುಡುಗನ ಮುಖ ಎದುರಿಗೆ ಬರುತ್ತಿತ್ತು.

ಆಮೇಲಿನ ವಿಶ್ವನಾಥ್

1982ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ವಿಶ್ವನಾಥ್ 222 ಹೊಡೆದರು. ಅದೇ ಅವರ ಟೆಸ್ಟ್ ಜೀವನದ ಅತಿ ದೊಡ್ಡ ಮೊತ್ತ. ಯಶಪಾಲ್ ಶರ್ಮಾ ಜೊತೆ ಒಂದು ಇಡೀ ದಿನ ಔಟಾಗದೆ ಆಡಿದರು. ಮರುವರ್ಷ ಪಾಕಿಸ್ತಾನದ ಪ್ರವಾಸದಲ್ಲಿ ರನ್ ಬರಲಿಲ್ಲ. 1983ರ ಆರಂಭದಲ್ಲಿ ಕರಾಚಿಯಲ್ಲಿ ಆಡಿದ ಟೆಸ್ಟೇ ಕೊನೆಯದಾಯಿತು. ಒಟ್ಟು 91 ಟೆಸ್ಟ್, 6,080 ರನ್, 14 ಶತಕ. ಮೊದಲ ಟೆಸ್ಟಿನ ಸೊನ್ನೆಯಿಂದ ಆರಂಭವಾದ ಲೆಕ್ಕ ಇದು. ಅದೇ ವರ್ಷ ಭಾರತ ವಿಶ್ವಕಪ್ ಗೆದ್ದಾಗ ಅವರು ತಂಡದಲ್ಲಿರಲಿಲ್ಲ.

ಆಮೇಲೂ ಆಟದ ನಂಟು ಬಿಡಲಿಲ್ಲ. ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 1999ರಿಂದ ಐದು ವರ್ಷ ಅಂತಾರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ, ಆಟಗಾರರು ನಿಯಮ ಮೀರದಂತೆ ನೋಡಿಕೊಳ್ಳುವ ಕೆಲಸ ಮಾಡಿದರು. ಆ ಹುದ್ದೆಗೆ ಅವರಿಗಿಂತ ತಕ್ಕವರು ಯಾರಿದ್ದರು?

ಮೆಚ್ಚಬೇಕಾದ ಇನ್ನೊಂದು ಸಂಗತಿಯಿದೆ. ಭಾರತ ಗೆದ್ದ ಎಷ್ಟೋ ಪಂದ್ಯಗಳ ಸ್ಕೋರು ಜನರಿಗೆ ನೆನಪಿಲ್ಲ. ಆದರೆ ನಾವು ಸೋತ ಆ ಸುವರ್ಣ ಮಹೋತ್ಸವದ ಟೆಸ್ಟನ್ನು ಇಂಗ್ಲೆಂಡಿನವರೂ ನೆನೆಯುತ್ತಾರೆ. ಬೋಥಮ್ಮರ ಆಟಕ್ಕಾಗಿ ಒಂದು ಸಲ, ವಿಶ್ವನಾಥರ ಮಾತಿಗಾಗಿ ಇನ್ನೊಂದು ಸಲ.

ಬಸ್ ನಿಲ್ದಾಣದಲ್ಲಿ

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಎಸ್ಸೆಸ್ಸೆಲ್ಸಿ ಪೇಪರು ತಿದ್ದುವ ಕೆಲಸಕ್ಕೆ ಹೋದವನು ಗದಗಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಒಬ್ಬರು ಬಂದು, "ಗುರ್ತ ಸಿಕ್ಕಿತೇನ್ರೀ?" ಎಂದರು. ಕ್ಷಣ ಹಿಡಿಯಿತು. ಅದೇ ಹುಡುಗ. ಆಗಲೇ ತಲೆ ನರೆತಿತ್ತು. ಹತ್ತನೆಯ ತರಗತಿಯ ಬಳಿಕ ಅಪ್ಪ ತೀರಿಕೊಂಡಿದ್ದರಿಂದ ಓದು ಬಿಟ್ಟು ಕಮತಕ್ಕೆ ನಿಂತರಂತೆ. ಚಹಾ ಕುಡಿಯುವಾಗ ಕೇಳಿದೆ, ಆಮೇಲೆ ಕ್ರಿಕೆಟ್ ಆಡಿದಿರಾ ಎಂದು.

"ಎಲ್ಲಿದ್ರೀ. ನಿಮ್ಮೂರಾಗ ಆಡಿದ್ದ ಕಡೀದು."

ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಹೇಗೋ, "ಅವತ್ತು ಚೆಂಡು ಪ್ಯಾಡಿಗೆ ಬಡಿದಿತ್ತು" ಎಂದೆ.

"ಬಕಲ್ಲಿಗೆ" ಎಂದು ಅವರು ತಿದ್ದಿದರು. "ನಿಮಗ ಗೊತ್ತಿತ್ತು ಅನ್ನೂದು ನನಗೂ ಗೊತ್ತಿತ್ತ್ರೀ ಮಾಸ್ತರ. ಅದಕ್ಕ ತಿರುಗಿ ನೋಡಿದ್ದೆ. ಕರೀತೀರೇನೋ ಅಂತ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾದ ದುಡ್ಡನ್ನೂ ಅವರೇ ಕೊಟ್ಟು ಬಸ್ ಹತ್ತಿದರು. ನಾನು ತಪ್ಪಾಯಿತು ಎಂಬ ಮಾತನ್ನು ಅಂದೂ ಹೇಳಲಿಲ್ಲ. ಡ್ರಿಲ್ ಮಾಸ್ತರಿಗೆ ಹೇಳಬೇಕೆಂದುಕೊಂಡೇ ವರ್ಷಗಳು ಕಳೆದವು. ಅವರು ಈಗ ಇಲ್ಲ.

ಸುವರ್ಣ ಮಹೋತ್ಸವದ ಪ್ರದರ್ಶನದಲ್ಲಿ ಶಾಲೆಯ ಎಲ್ಲ ಪಾರಿತೋಷಕಗಳನ್ನೂ ಇಡುತ್ತಾರೆಂದು ಕೇಳಿ ಕಳೆದ ತಿಂಗಳು ಮುಖ್ಯೋಪಾಧ್ಯಾಯರನ್ನು ಕಂಡೆ. ಆ ಒಂದನ್ನು ಇಡಬೇಡಿ ಎಂದು ಕೋರಿದೆ. ಕಾರಣ ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಯೋಚಿಸಿ, "ತೆಗೆಯೂದು ಬ್ಯಾಡ ಸರ್. ಇಡೋಣ. ನಡೆದದ್ದನ್ನ ನೀವು ಸಂಚಿಕೆಯಾಗ ಬರೀರಿ. ಶೀಲ್ಡಿನ ಪಕ್ಕಕ್ಕ ಆ ಪುಟ ಇಡೋಣ" ಎಂದರು. ಅವರು ನನಗಿಂತ ಕಿರಿಯರು. ಆದರೂ ಅಂದು ನನಗೆ ಡ್ರಿಲ್ ಮಾಸ್ತರೇ ಮಾತನಾಡಿದಂತಾಯಿತು. ಆ ಕಾರಣಕ್ಕೆ ಈ ಲೇಖನ.

ಅಂದು ನನ್ನೊಡನೆ ಆಡಿದ ಹತ್ತು ಮಂದಿ ಗೆಳೆಯರಲ್ಲಿ ಕ್ಷಮೆ ಕೇಳುತ್ತೇನೆ. ಅವರು ಪ್ರಾಮಾಣಿಕವಾಗಿ ಆಡಿದ್ದರು. ತಪ್ಪು ನನ್ನೊಬ್ಬನದು. ನೆರೆಯೂರಿನ ಆ ಗೆಳೆಯರನ್ನು ಮಹೋತ್ಸವದ ದಿನ ಬರಬೇಕೆಂದು ಹೋಗಿ ಕರೆದುಬಂದಿದ್ದೇನೆ. ಈ ಸಲ ಹೇಳಬೇಕಾದದ್ದನ್ನು ಹೇಳಿಯೇ ಕರೆದೆ. ಮೊಮ್ಮಗನನ್ನೂ ಕರೆತರುತ್ತೇನೆ ಎಂದಿದ್ದಾರೆ. ಹುಡುಗ ಚೆನ್ನಾಗಿ ಬ್ಯಾಟ್ ಮಾಡುತ್ತಾನಂತೆ.

ವಿದ್ಯಾರ್ಥಿಗಳೇ, ಆ ದಿನ ನಮ್ಮ ಬಯಲಿನಲ್ಲಿ ಹಳೆಯ ವಿದ್ಯಾರ್ಥಿಗಳ ಪಂದ್ಯವಿದೆ. ನನಗೆ ಅಂಪೈರ್ ಆಗಲು ಹೇಳಿದ್ದಾರೆ. ಕಣ್ಣು ಮೊದಲಿನಷ್ಟು ಚುರುಕಿಲ್ಲ, ತಪ್ಪು ತೀರ್ಪು ಕೊಟ್ಟರೂ ಕೊಟ್ಟೇನು. ಕೀಪರ್ ಆಗಿ ನಿಂತವರಿಗೆ ನಿಜ ಗೊತ್ತಿದ್ದರೆ ದಯವಿಟ್ಟು ಬಂದು ನನಗೆ ಹೇಳಿ.